ದಶಪಥದಿಂದ ಬೈಕು ಇಳಿಸಿದ ಮೇಲೆ: ಬೆಂಗಳೂರು–ಮೈಸೂರು ಹೆದ್ದಾರಿಯ ಒಂದು ಪ್ರಕರಣ ಅಧ್ಯಯನ

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಸ್ಕೂಟರು, ಆಟೊ, ಟ್ರ್ಯಾಕ್ಟರು ಹತ್ತುವಂತಿಲ್ಲ ಎಂದಾಯಿತು. ಹತ್ತಿದರೆ 500 ರೂಪಾಯಿ ದಂಡ. ಅವತ್ತಿನಿಂದ ಮಂಡ್ಯ, ರಾಮನಗರದ ಟೀ ಅಂಗಡಿಗಳಲ್ಲಿ ಶುರುವಾದ ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಒಂದು ಕಡೆಯವರದು, ‘ಸಣ್ಣ ಗಾಡಿಯವರು ಇದ್ದದ್ದಕ್ಕೇ ಸಾಯುತ್ತಿದ್ದರು, ಇಳಿಸಿದ್ದು ಒಳ್ಳೆಯದಾಯಿತು’ ಎಂಬ ವಾದ. ಇನ್ನೊಂದು ಕಡೆಯವರದು, ‘ಜಮೀನು ಬಿಟ್ಟುಕೊಟ್ಟವರು ನಾವು, ಓಡಾಡೋರು ಕಾರಿನವರು’ ಎಂಬ ಸಿಟ್ಟು. ಇಬ್ಬರೂ ಆ ಆದೇಶವನ್ನು ದೊಡ್ಡ ಗಾಡಿ, ಸಣ್ಣ ಗಾಡಿಯ ವ್ಯಾಜ್ಯ ಎಂದೇ ಓದಿಕೊಂಡರು. ಆದೇಶದಲ್ಲಿದ್ದದ್ದು ಬೇರೆ. ಆ ವರ್ಷದ ಸಾವಿನ ಲೆಕ್ಕವನ್ನು ತಿಂಗಳುವಾರು ಬಿಡಿಸಿ ನೋಡಿದರೆ ಸಿಗುವ ಉತ್ತರವಂತೂ ಇಬ್ಬರಿಗೂ ಅಷ್ಟಾಗಿ ಹಿಡಿಸುವಂಥದ್ದಲ್ಲ.

ರಸ್ತೆ ಹೇಗಿದೆ

ರಾಷ್ಟ್ರೀಯ ಹೆದ್ದಾರಿ 275ರ ಈ ಭಾಗದ ಉದ್ದ ಸುಮಾರು 119 ಕಿ.ಮೀ. ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು ಹಂತ, ನಿಡಘಟ್ಟದಿಂದ ಮೈಸೂರಿನವರೆಗೆ ಇನ್ನೊಂದು. ಖರ್ಚು ಸುಮಾರು 8,480 ಕೋಟಿ ರೂಪಾಯಿ. ನಡುವೆ ಆರು ಪಥಗಳ ಮುಖ್ಯ ರಸ್ತೆ, ಆಚೀಚೆ ಎರಡೆರಡು ಪಥಗಳ ಸರ್ವಿಸ್ ರಸ್ತೆ. ಎಲ್ಲ ಕೂಡಿಸಿ ಹತ್ತು ಮಾಡಿ ‘ದಶಪಥ’ ಎಂದು ಹೆಸರಿಟ್ಟರು. ಹೆಸರು ಚೆನ್ನಾಗಿದೆ. ಆದರೆ ಹತ್ತು ಪಥಗಳೂ ಒಂದೇ ತರದವು ಎಂಬ ಭ್ರಮೆಯನ್ನೂ ಅದು ಹುಟ್ಟಿಸಿತು. ಆರು ಪಥಗಳು ವಿಮಾನ ಇಳಿಸುವಷ್ಟು ನೇರ. ಉಳಿದ ನಾಲ್ಕು ಊರೂರಿನ ಬಾಗಿಲಲ್ಲಿ ತಿರುಗಿ, ಸೇತುವೆ ಅಥವಾ ರೈಲು ಹಳಿ ಎದುರಾದ ಕೆಲವು ಕಡೆ ಪಟ್ಟನೆ ನಿಂತುಬಿಡುತ್ತವೆ.

ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಹೀಗೆ ಹಳೆಯ ರಸ್ತೆಯ ಮೇಲೆ ಮಣಿಮಾಲೆಯ ಹಾಗಿದ್ದ ಊರುಗಳನ್ನೆಲ್ಲ ಹೊಸ ರಸ್ತೆ ಹೊರಗಿಂದ ಬಳಸಿ ಹೋಗುತ್ತದೆ, ಇಲ್ಲವೇ ಮೇಲಿಂದ ಹಾರಿ ಹೋಗುತ್ತದೆ. ತಟ್ಟೆ ಇಡ್ಲಿಗೂ ಮದ್ದೂರು ವಡೆಗೂ ನಿಲ್ಲುತ್ತಿದ್ದ ಗಿರಾಕಿ ಹೀಗೆ ತಪ್ಪಿಹೋದ. ಆ ಕತೆ ಬೇರೆ; ಇಲ್ಲಿ ಬೇಕಿರುವುದು ಇಷ್ಟು: ಮೂರು ತಾಸಿನ ದಾರಿ ಒಂದೂವರೆ ತಾಸಿಗೆ ಇಳಿಯಿತು. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಇದನ್ನು ಮಂಡ್ಯದಲ್ಲಿ ಉದ್ಘಾಟಿಸಿದರು. ಎರಡು ದಿನ ಕಳೆದು, ಮಾರ್ಚ್ 14ರಿಂದ, ಮೊದಲ ಹಂತದಲ್ಲಿ ಟೋಲ್ ಶುರುವಾಯಿತು. ಶ್ರೀರಂಗಪಟ್ಟಣದ ಹತ್ತಿರದ ಗಣಂಗೂರಿನ ಟೋಲ್ ಬಂದದ್ದು ಜುಲೈ 1ಕ್ಕೆ. ಈ ಜುಲೈ 1ನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹೊಸ ರಸ್ತೆಯಲ್ಲಿ ಹಳೆಯ ಅಭ್ಯಾಸಗಳೆಲ್ಲ ಹಾಗೇ ಮುಂದುವರಿದವು. ಇಳಿಯಬೇಕಾದ ತಿರುವು ತಪ್ಪಿತೆಂದು ಎಡಕ್ಕೆ ನಿಲ್ಲಿಸಿ ರಿವರ್ಸ್ ಹಾಕುವವರು. ನೆರಳು ಕಂಡಲ್ಲಿ ಪಕ್ಕಕ್ಕೆ ಹಾಕಿ ಬುತ್ತಿ ಬಿಚ್ಚುವವರು. ಆಚೆ ಬದಿಯ ಗದ್ದೆಗೆ ಹೋಗಲು ಬೇಲಿ ದಾಟುವವರು. ಅವರು ದಾಟದೆ ಏನು ಮಾಡಬೇಕು? ಕೆಳಸೇತುವೆ ಒಂದು ಕಿಲೋಮೀಟರ್ ಆಚೆ ಇದ್ದರೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು ಅಷ್ಟು ದೂರ ಸುತ್ತಿ ಬರುವುದಿಲ್ಲ. ಇವರ ನಡುವೆಯೇ, ಜನ್ಮದಲ್ಲಿ ಮೊದಲ ಸಲ ಅಡ್ಡಿಯಿಲ್ಲದ ಮೂರು ಪಥ ಸಿಕ್ಕ ಕಾರಿನವರು 140, 150ರಲ್ಲಿ ಹೋಗತೊಡಗಿದರು.

ಸಾವು ಶುರುವಾಯಿತು. 2023ರ ಮೇ ತಿಂಗಳಲ್ಲಿ 29 ಜನ. ಜೂನ್‌ನಲ್ಲಿ 28. ಹೆಚ್ಚುಕಮ್ಮಿ ದಿನಕ್ಕೊಬ್ಬರು, 119 ಕಿಲೋಮೀಟರಿನಲ್ಲಿ.

ಆದೇಶ ಹೇಳಿದ್ದೇನು

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2023ರ ಜುಲೈ 12ರಂದು ಅಧಿಸೂಚನೆ ಹೊರಡಿಸಿತು. ಮುಖ್ಯ ಪಥದಿಂದ ಹೊರಗಿಟ್ಟ ವಾಹನಗಳ ಪಟ್ಟಿ ಹೀಗಿದೆ: ಸ್ಕೂಟರೂ ಸೇರಿದಂತೆ ಎಲ್ಲ ಮೋಟಾರ್ ಸೈಕಲ್, ಇ-ರಿಕ್ಷಾ ಸೇರಿದಂತೆ ಎಲ್ಲ ತ್ರಿಚಕ್ರ ವಾಹನ, ಎತ್ತಿನಗಾಡಿ, ಸೈಕಲ್ಲಿನಂಥ ಎಂಜಿನ್ ಇಲ್ಲದ ಗಾಡಿಗಳು, ಟ್ರೈಲರ್ ಇದ್ದರೂ ಇಲ್ಲದಿದ್ದರೂ ಟ್ರ್ಯಾಕ್ಟರ್, ಬಹು ಅಚ್ಚಿನ ಹೈಡ್ರಾಲಿಕ್ ಟ್ರೈಲರ್ ವಾಹನಗಳು, ಕ್ವಾಡ್ರಿಸೈಕಲ್, ಅಂದರೆ ಆಟೊದಂಥದೇ ನಾಲ್ಕು ಚಕ್ರದ ಪುಟ್ಟ ಬಂಡಿ.

ಜಗಳದಲ್ಲಿ ಯಾರೂ ಗಮನಿಸದೆ ಹೋದದ್ದು ಆ ಐದನೆಯದನ್ನು. ಬಹು ಅಚ್ಚಿನ ಹೈಡ್ರಾಲಿಕ್ ಟ್ರೈಲರ್ ಎಂದರೆ ವಿದ್ಯುತ್ ಸ್ಥಾವರದ ಟ್ರಾನ್ಸ್‌ಫಾರ್ಮರ್, ಕಾರ್ಖಾನೆಯ ಬಾಯ್ಲರ್ ಇಂಥವನ್ನು ಹೊತ್ತು, ಸಾಲು ಸಾಲು ಚಕ್ರಗಳ ಮೇಲೆ ತೆವಳಿಕೊಂಡು ಹೋಗುವ ವಾಹನ. ನಮ್ಮ ರಸ್ತೆಗಳಲ್ಲಿ ಕಾಣಸಿಗುವ ಅತಿ ದೊಡ್ಡ ಗಾಡಿ ಅದೇ. ಅದನ್ನೂ ಸ್ಕೂಟರಿನ ಜೊತೆ ಸೇರಿಸಿ ಹೊರಗಿಟ್ಟಿದ್ದಾರೆ. ಸಣ್ಣದು, ದೊಡ್ಡದು ಎಂಬುದು ಆದೇಶದ ಅಳತೆಗೋಲೇ ಆಗಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅಧಿಸೂಚನೆ ಕೊಟ್ಟ ಕಾರಣವೂ ಅದೇ: ವೇಗವಾಗಿ ಹೋಗುವ ವಾಹನಗಳ ನಡುವೆ ನಿಧಾನದ ವಾಹನಗಳಿಗೆ ಅಪಾಯ.

ಆದರೆ ಈ ಅಳತೆಗೋಲನ್ನಾದರೂ ನೆಟ್ಟಗೆ ಹಿಡಿದರೇ? ಹಿಡಿಯಲಿಲ್ಲ. ಸಾವಿರ ಸಿಸಿಯ ಬೈಕು ಕಾರಿಗೆ ಸರಿಸಮ ಓಡಬಲ್ಲದು, ಕಾರನ್ನು ಹಿಂದೆ ಹಾಕಲೂಬಲ್ಲದು, ಅದಕ್ಕೂ ಪ್ರವೇಶವಿಲ್ಲ. ಮರಳು ತುಂಬಿ ಏರಿನಲ್ಲಿ ಏದುಸಿರು ಬಿಡುವ ಲಾರಿ ಮಾತ್ರ ರಾಜಾರೋಷವಾಗಿ ಹೋಗಬಹುದು. ದೊಡ್ಡ ಬೈಕಿನವರು ಈ ಮಾತೆತ್ತಿದಾಗ ಅದರಲ್ಲಿ ತರ್ಕವಿತ್ತು. ಅವರಿಗೆ ಕೊಡಬಹುದಾದ ಉತ್ತರ ಬೇರೆ ದಿಕ್ಕಿನದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ಲೆಕ್ಕದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ದ್ವಿಚಕ್ರದವರು ಶೇ 44.5, ಪಾದಚಾರಿಗಳು ಶೇ 19.5. ಕಾರು, ಜೀಪು, ವ್ಯಾನಿನೊಳಗೆ ಕೂತವರ ಪಾಲು ಇವೆರಡಕ್ಕಿಂತಲೂ ಕಡಿಮೆ. ಎಷ್ಟು ವೇಗವಾಗಿ ಓಡಿದರೂ ಬೈಕಿನವನ ಸುತ್ತ ತಗಡಿಲ್ಲ. ಅಂದರೆ ನಿಷೇಧದ ಹಿಂದೆ ಎರಡು ಬೇರೆ ಬೇರೆ ಕಾರಣಗಳು ಬೆರೆತಿವೆ, ನಿಧಾನ ಒಂದು, ಬಯಲು ಮೈ ಇನ್ನೊಂದು. ಅಧಿಸೂಚನೆ ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ್ದರಿಂದ ಜನ ಅದನ್ನು ಮೂರನೆಯದಾಗಿ, ಅಂದರೆ ಗಾಡಿಯ ಗಾತ್ರ ಮತ್ತು ಗಾಡಿಯವನ ಅಂತಸ್ತಿನ ಪ್ರಶ್ನೆಯಾಗಿ ಕೇಳಿಸಿಕೊಂಡರು.

ಬಡವರ ಮೇಲಿನ ಆದೇಶ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ರಾಮನಗರದ ಮಾರುಕಟ್ಟೆಗೆ ಬೈಕಿನ ಹಿಂದೆ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ಬರುವವರು, ಡೇರಿಗೆ ಹಾಲಿನ ಕ್ಯಾನ್ ಸಾಗಿಸುವವರು, ಕಬ್ಬಿನ ಟ್ರ್ಯಾಕ್ಟರಿನವರು ಈ ದಾರಿಯ ನಿತ್ಯದ ಜನ. ಮೈಸೂರಿಗೆ ವಾರಾಂತ್ಯ ಕಳೆಯಲು ಹೋಗುವವರು ಬಂದುಹೋಗುವವರು. ಆದರೆ ಅನ್ಯಾಯ ಎಲ್ಲಿದೆ ಎಂದು ಬೆರಳಿಡಬೇಕಾದ ಜಾಗ ಬೇರೆ ಎಂಬುದು ನನ್ನ ಅಂದಾಜು. ಅದಕ್ಕೆ ಮೊದಲು ಸ್ವಲ್ಪ ಲೆಕ್ಕ.

ಗುದ್ದಿನ ಲೆಕ್ಕ

ಇಬ್ಬರು ಕೂತ ಸ್ಕೂಟರಿನ ಒಟ್ಟು ತೂಕ 240 ಕೆ.ಜಿ. ಎಂದಿಟ್ಟುಕೊಳ್ಳಿ. ಹಿಂದಿನಿಂದ ಬರುವ ಎಸ್‌ಯುವಿ 2,000 ಕೆ.ಜಿ. ಸ್ಕೂಟರಿನ ವೇಗ 40, ಎಸ್‌ಯುವಿಯದು 100. ಗುದ್ದಿ ಒಂದಕ್ಕೊಂದು ಅಂಟಿಕೊಂಡವು ಎಂದುಕೊಂಡರೆ ಎರಡೂ ಸುಮಾರು 94ರ ವೇಗದಲ್ಲಿ ಮುಂದೆ ಹೋಗುತ್ತವೆ. ಎಸ್‌ಯುವಿಯಲ್ಲಿ ಕೂತವರ ಪಾಲಿಗೆ ಬಂದದ್ದು 6 ಕಿ.ಮೀ. ವೇಗದ ಬದಲಾವಣೆ, ಮೊಬೈಲು ಸೀಟಿನಿಂದ ಕೆಳಗೆ ಬೀಳಬಹುದು. ಸ್ಕೂಟರಿನವರಿಗೆ ಬಂದದ್ದು 54. ಅದೂ ಕಣ್ಣು ಮಿಟುಕಿಸುವಷ್ಟರೊಳಗೆ, ಬೆನ್ನ ಹಿಂದಿನಿಂದ, ಹಿಡಿಯಲು ಹ್ಯಾಂಡಲ್ ಬಿಟ್ಟರೆ ಬೇರೇನೂ ಇಲ್ಲದೆ.

ಗಾತ್ರದ ಪ್ರಭಾವ ಎಂದರೆ ಇದು. ಇದನ್ನು ಅಲ್ಲಗಳೆಯುವವರಿಲ್ಲ. ಅಮೆರಿಕದಲ್ಲಿ ದೊಡ್ಡ ಕಾರು, ಸಣ್ಣ ಕಾರಿನ ಚರ್ಚೆ ದಶಕಗಳಿಂದ ನಡೆದಿದೆ. ಬರ್ಕ್ಲಿಯ ಅರ್ಥಶಾಸ್ತ್ರಜ್ಞರಾದ ಮೈಕೆಲ್ ಆ್ಯಂಡರ್ಸನ್ ಮತ್ತು ಮ್ಯಾಕ್ಸಿಮಿಲಿಯನ್ ಔಫ್‌ಹ್ಯಾಮರ್ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಗುದ್ದುವ ವಾಹನ 1,000 ಪೌಂಡ್, ಅಂದರೆ ಸುಮಾರು 454 ಕೆ.ಜಿ. ಹೆಚ್ಚು ಭಾರವಿದ್ದರೆ ಗುದ್ದಿಸಿಕೊಂಡ ವಾಹನದಲ್ಲಿ ಸಾವಿನ ಸಾಧ್ಯತೆ ಶೇ 47ರಷ್ಟು ಏರುತ್ತದೆ. ಅಲ್ಲಿ ಗಾಬರಿ ಹುಟ್ಟಿಸಿದ ವ್ಯತ್ಯಾಸ ಇಷ್ಟು, ಒಂದು ಟನ್ನಿನ ಅರ್ಧಕ್ಕಿಂತ ಕಡಿಮೆ. ನಮ್ಮ ದಶಪಥದಲ್ಲಿ ಸ್ಕೂಟರಿಗೂ ಎಸ್‌ಯುವಿಗೂ ಇರುವ ಅನುಪಾತ ಒಂದಕ್ಕೆ ಎಂಟು. ಎಸ್‌ಯುವಿಗೂ, ಕಾನೂನು ಒಪ್ಪುವ 18.5 ಟನ್ ಒಟ್ಟು ತೂಕದ ಎರಡು ಅಚ್ಚಿನ ಲಾರಿಗೂ ಒಂದಕ್ಕೆ ಒಂಬತ್ತು. ಅಂದರೆ ಎಸ್‌ಯುವಿಯ ಎದುರು ಸ್ಕೂಟರು ಹೇಗೋ, ಲಾರಿಯ ಎದುರು ಎಸ್‌ಯುವಿಯೂ ಹಾಗೇ. ‘ಮನೆಯವರ ಸುರಕ್ಷತೆಗೆ ದೊಡ್ಡ ಗಾಡಿ ತಗೊಂಡೆ’ ಎನ್ನುವವರು ಈ ಮೆಟ್ಟಿಲಿನ ಮೇಲಿನ ಅರ್ಧವನ್ನು ನೋಡಿರುವುದಿಲ್ಲ.

ಮೇಲಿನ ಲೆಕ್ಕದಲ್ಲಿ ಇನ್ನೊಂದು ಅಂಕಿ ಅಡಗಿದೆ. ಸ್ಕೂಟರು 40ರ ಬದಲು 80ರಲ್ಲಿ ಹೋಗುತ್ತಿದ್ದರೆ? ತೂಕ ಅವೇ, ಎಸ್‌ಯುವಿಯ ವೇಗ ಅದೇ 100. ಆಗ ಸ್ಕೂಟರಿನವರಿಗೆ ಬರುವ ಧಕ್ಕೆ 54ರಿಂದ 18ಕ್ಕೆ ಇಳಿಯುತ್ತದೆ. ಬಿದ್ದರೆ ಕೈಕಾಲು ಮುರಿಯುತ್ತದೆ, ಜೀವವೂ ಹೋಗಬಹುದು, ಆದರೂ ಅದು ಬೇರೆಯೇ ತರದ ಅಪಘಾತ. ತೂಕವನ್ನು ಬದಲಿಸುವ ಹಾಗಿಲ್ಲ, ಎಲ್ಲರಿಗೂ ಎರಡು ಟನ್ನಿನ ಗಾಡಿ ಕೊಡಿಸಲಾಗುವುದಿಲ್ಲ. ವೇಗದ ಅಂತರವನ್ನು ಮಾತ್ರ ಬದಲಿಸಬಹುದು. ಅದಕ್ಕೆ ಎರಡೇ ದಾರಿ: ನಿಧಾನದವರನ್ನು ರಸ್ತೆಯಿಂದ ತೆಗೆಯುವುದು, ಇಲ್ಲವೇ ವೇಗದವರನ್ನು ನಿಧಾನಿಸುವುದು.

ಈಗ ರಾತ್ರಿಯ ಟ್ರ್ಯಾಕ್ಟರ್. ಕಬ್ಬು ತುಂಬಿದ ಟ್ರೈಲರಿಗೆ ಹಿಂದಿನ ದೀಪವಿಲ್ಲ, ಪ್ರತಿಫಲಕವಿಲ್ಲ. ಇದ್ದರೂ ಕಬ್ಬಿನ ಸೂಲಂಗಿ ಮುಚ್ಚಿಕೊಂಡಿರುತ್ತದೆ. ವೇಗ 25. ಹಿಂದಿನಿಂದ ಬರುವ ಕಾರಿನ ಡಿಮ್ ಬೆಳಕಿನಲ್ಲಿ ಅದು ಕಾಣುವುದು ಹೆಚ್ಚೆಂದರೆ 60 ಮೀಟರ್ ದೂರದಿಂದ ಎನ್ನೋಣ. ಕಂಡು ಬ್ರೇಕಿಗೆ ಕಾಲಿಡಲು ಒಂದೂವರೆ ಸೆಕೆಂಡು, ಆಮೇಲೆ ಒಣ ರಸ್ತೆಯ ಒಳ್ಳೆಯ ಬ್ರೇಕು. 100ರಲ್ಲಿ ಬರುವವನಿಗೆ ಟ್ರ್ಯಾಕ್ಟರಿನ ವೇಗಕ್ಕೆ ಇಳಿಯಲು ಬೇಕಾಗುವ ಅಂತರ ಸುಮಾರು 62 ಮೀಟರ್. ಕೂದಲೆಳೆಯಲ್ಲಿ ಪಾರು, ಇಲ್ಲವೇ ಬಂಪರ್ ಜಜ್ಜಿ ಹೋದೀತು. 130ರಲ್ಲಿ ಬರುವವನಿಗೆ ಬೇಕಾದದ್ದು 105 ಮೀಟರ್. ಅವನು ಬ್ರೇಕ್ ಒತ್ತುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ದೂರ ಮುಗಿದಿರುತ್ತದೆ. ಅವನ ಕಾರಿಗೆ ಸುರಕ್ಷತಾ ಪರೀಕ್ಷೆಯಲ್ಲಿ ಎಷ್ಟು ಸ್ಟಾರ್ ಸಿಕ್ಕಿದ್ದರೇನು, ಟ್ರೈಲರಿನ ಹಿಂಬದಿ ತಗಲುವುದು ಬಾನೆಟ್ಟಿಗಲ್ಲ, ಗಾಜಿಗೆ. ಏರ್‌ಬ್ಯಾಗು, ಮಡಚಿಕೊಳ್ಳುವ ಮುಂಭಾಗ, ಗಟ್ಟಿ ಚೌಕಟ್ಟು ಎಲ್ಲವೂ ಬಾನೆಟ್ಟಿನ ಎತ್ತರದ ಗುದ್ದನ್ನು ಎಣಿಸಿ ಮಾಡಿದವು.

ಹಾಗಾಗಿ ಟ್ರ್ಯಾಕ್ಟರನ್ನು ಈ ಮುಖ್ಯ ಪಥದಿಂದ ಇಳಿಸಿದ್ದು ಸರಿ. ಅದರಲ್ಲಿ ನನಗೆ ಎರಡು ಮಾತಿಲ್ಲ. ಇಳಿಸಿದ್ದರಿಂದ ಟ್ರ್ಯಾಕ್ಟರಿನವನಿಗಿಂತ ಹೆಚ್ಚು ಉಳಿದದ್ದು ಕಾರಿನವನ ಜೀವ ಎಂಬುದನ್ನು ಮಾತ್ರ ಕಾರಿನವರು ಒಪ್ಪಿಕೊಂಡದ್ದು ಕಾಣೆ.

ಜುಲೈಯಲ್ಲಿ ಆದದ್ದೇನು

ಈಗ ತಿಂಗಳ ಲೆಕ್ಕಕ್ಕೆ ಬರೋಣ. ಮೇ 29, ಜೂನ್ 28. ಜುಲೈಯಲ್ಲಿ 8.

ನಿಷೇಧ ಜಾರಿಗೆ ಬಂದದ್ದು ಆಗಸ್ಟ್ 1ಕ್ಕೆ. ಸಾವು ಮೂರನೇ ಒಂದಕ್ಕಿಂತ ಕೆಳಗೆ ಇಳಿದದ್ದು ಅದಕ್ಕೆ ಮೊದಲಿನ ತಿಂಗಳು, ಬೈಕು, ಆಟೊ, ಟ್ರ್ಯಾಕ್ಟರ್ ಎಲ್ಲವೂ ಮುಖ್ಯ ಪಥದಲ್ಲಿ ಇನ್ನೂ ಓಡಾಡುತ್ತಿದ್ದಾಗ. ನಿಷೇಧವನ್ನು ಹೊಗಳುವವರೂ ಬೈಯುವವರೂ ಬಿಟ್ಟುಬಿಟ್ಟ ಅಂಕಿ ಇದು. ‘ಸಣ್ಣ ಗಾಡಿ ಇಳಿಸಿದರು, ಸಾವು ಇಳಿಯಿತು’ ಎಂಬ ಕತೆ ಕೇಳಲು ಸರಳ. ತಾರೀಖುಗಳು ಅದಕ್ಕೆ ಒಪ್ಪುವುದಿಲ್ಲ.

ಹಾಗಾದರೆ ಜುಲೈಯಲ್ಲಿ ನಡೆದದ್ದೇನು? ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿಯಾಗಿದ್ದವರು ಅಲೋಕ್ ಕುಮಾರ್. ಅವರು ರಸ್ತೆಯನ್ನು ಖುದ್ದಾಗಿ ಪರಿಶೀಲಿಸಿದರು. ಗಂಟೆಗೆ 100 ಕಿ.ಮೀ. ಮಿತಿ ಎಂಬುದು ಫಲಕದಿಂದ ಇಳಿದು ರಸ್ತೆಗೆ ಬಂತು. ಸ್ಪೀಡ್ ಗನ್ ಹಿಡಿದ ಪೊಲೀಸರು, ಇಂಟರ್‌ಸೆಪ್ಟರ್ ವಾಹನಗಳು ನಿಂತವು, ದಂಡ ಬೀಳತೊಡಗಿತು. ಪಥ ಬಿಟ್ಟು ಪಥಕ್ಕೆ ಹಾರುವವರನ್ನು, ರಸ್ತೆ ಪಕ್ಕ ಗಾಡಿ ನಿಲ್ಲಿಸಿದವರನ್ನು ಕೇಳುವವರು ಹುಟ್ಟಿಕೊಂಡರು. ಹೆದ್ದಾರಿ ಪ್ರಾಧಿಕಾರವೂ ಸುರಕ್ಷತಾ ತಜ್ಞರ ತಂಡವನ್ನು ಕಳಿಸಿತು. ಪತ್ರಿಕೆ, ಟಿವಿಗಳಲ್ಲಿ ದಿನಾ ಈ ರಸ್ತೆಯದೇ ಸುದ್ದಿ, ಅದರಿಂದಲೂ ಒಂದಿಷ್ಟು ಜನ ಹೆದರಿ ಕಾಲು ಸಡಿಲಿಸಿರಬೇಕು.

ಬೇರೆ ಕಾರಣಗಳೂ ಇವೆ, ಮುಚ್ಚಿಡುವುದು ಬೇಡ. ಮೇ ತಿಂಗಳೆಂದರೆ ಬೇಸಿಗೆ ರಜೆ, ಮೈಸೂರು–ಊಟಿ–ಕೊಡಗಿನ ಜನವೆಲ್ಲ ಈ ದಾರಿಯಲ್ಲಿ. ಜುಲೈಯಲ್ಲಿ ಶಾಲೆ, ಮಳೆ. ಮತ್ತೆ ಆ ಜುಲೈ 1ರ ಗಣಂಗೂರು ಟೋಲ್: ಎರಡು ಕಡೆ ಹಣ ಕೊಡಲಾರದವರು ಹಳೆಯ ದಾರಿ ಹಿಡಿದಿದ್ದರೆ ಮುಖ್ಯ ಪಥದ ಸಂದಣಿಯೂ ಕಡಿಮೆಯಾಗಿರುತ್ತದೆ. ಇವೆಲ್ಲ ಸೇರಿಯೂ 28ರಿಂದ 8ಕ್ಕೆ ಇಳಿಸುತ್ತವೆಯೇ? ನನಗೆ ನಂಬಿಕೆಯಿಲ್ಲ. ಜೂನ್‌ನಲ್ಲೂ ಶಾಲೆ ಶುರುವಾಗಿತ್ತು, ಮಳೆಯೂ ಬಂದಿತ್ತು. ಆದರೂ ಆ ತಿಂಗಳು ಮೇಗಿಂತ ಒಂದೇ ಒಂದು ಸಾವು ಕಡಿಮೆ. ಜೂನ್ ಮತ್ತು ಜುಲೈ ನಡುವಿನ ಅತಿ ದೊಡ್ಡ ವ್ಯತ್ಯಾಸ ರಸ್ತೆಯಲ್ಲಿ ನಿಂತ ಸ್ಪೀಡ್ ಗನ್.

ವರ್ಷದ ಲೆಕ್ಕವೂ ಇದನ್ನೇ ಹಿಗ್ಗಿಸಿ ತೋರಿಸುತ್ತದೆ. 2023ರಲ್ಲಿ ಈ ಹೆದ್ದಾರಿಯಲ್ಲಿ ಸತ್ತವರು 188. 2024ರಲ್ಲಿ 50. ಇದರಲ್ಲಿ ನಿಷೇಧದ ಪಾಲು ಇಲ್ಲ ಎಂದು ನಾನು ಹೇಳುತ್ತಿಲ್ಲ, ಖಂಡಿತ ಇದೆ. ಮುಖ್ಯ ಪಥದಲ್ಲಿ ಇಲ್ಲದ ಸ್ಕೂಟರಿಗೆ ಅಲ್ಲಿ ಯಾರೂ ಗುದ್ದಲಾರರು. ಆದರೆ ಇಳಿಕೆ ಶುರುವಾದ ಜಾಗದಲ್ಲಿ ನಿಷೇಧ ಇರಲಿಲ್ಲ, ವೇಗದ ತಪಾಸಣೆ ಇತ್ತು. ಪೊಲೀಸರಿಗೂ ಇದು ಮನವರಿಕೆಯಾಗಿದ್ದಿರಬೇಕು. ಆಮೇಲಿನ ಅವರ ಹೆಜ್ಜೆಗಳೆಲ್ಲ ವೇಗದ ಸುತ್ತಲೇ ಇವೆ: ಮೇಲೆ ಕ್ಯಾಮೆರಾಗಳು ಬಂದವು, ನಂಬರ್ ಪ್ಲೇಟ್ ಓದಿ ಮನೆಗೆ ನೋಟಿಸ್ ಕಳಿಸುವ ವ್ಯವಸ್ಥೆ ಬಂತು. 2024ರ ಆಗಸ್ಟ್ 1ರಿಂದ ರಾಜ್ಯದ ಯಾವುದೇ ರಸ್ತೆಯಲ್ಲಿ 130 ದಾಟಿದರೆ ಬರೀ ದಂಡವಲ್ಲ, ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಡಿ ಎಫ್‌ಐಆರ್ ಎಂದಾಯಿತು.

130ರಲ್ಲಿ ಹೋಗಿ ಉಳಿಸುವುದಾದರೂ ಎಷ್ಟು? 119 ಕಿಲೋಮೀಟರನ್ನು 100ರಲ್ಲಿ ದಾಟಲು 71 ನಿಮಿಷ, 130ರಲ್ಲಿ 55. ಆ ಹದಿನಾರು ನಿಮಿಷವನ್ನು ಜೋಪಾನವಾಗಿ ತಂದು ಕೆಂಗೇರಿಯ ಸಿಗ್ನಲ್ಲಿಗೆ ಅರ್ಪಿಸಬೇಕು.

ಇಳಿಸಿದವರು ಎಲ್ಲಿಗೆ ಹೋದರು

ಮುಖ್ಯ ಪಥದಿಂದ ಇಳಿದ ಬೈಕು ಮಾಯವಾಗುವುದಿಲ್ಲ. ಸರ್ವಿಸ್ ರಸ್ತೆಗೆ ಹೋಗುತ್ತದೆ, ಬೈಪಾಸ್ ಇರುವಲ್ಲಿ ಹಳೆಯ ಊರೊಳಗಿನ ರಸ್ತೆಗೆ. ಅನ್ಯಾಯದ ಮೇಲೆ ಬೆರಳಿಡಬೇಕಾದ ಜಾಗ ಎಂದು ಆಗ ಹೇಳಿದ್ದು ಇದನ್ನೇ. ನಿಷೇಧ ಆಗಸ್ಟ್ 1ಕ್ಕೆ ತಯಾರಿತ್ತು, ಸರ್ವಿಸ್ ರಸ್ತೆ ತಯಾರಿರಲಿಲ್ಲ. ಹಳಿ, ಹೊಳೆ ಬಂದಲ್ಲಿ ಕೊಂಡಿ ಕಳಚಿದ ರಸ್ತೆ; ಅಲ್ಲಿ ತಲುಪಿದ ಬೈಕಿನವನು ಹಿಂದಕ್ಕೆ ಬರಬೇಕು, ಇಲ್ಲವೇ ಕಳ್ಳನ ಹಾಗೆ ಮುಖ್ಯ ಪಥಕ್ಕೆ ನುಗ್ಗಿ ಒಂದಿಷ್ಟು ದೂರ ಹೋಗಿ ಮತ್ತೆ ಇಳಿಯಬೇಕು. ಆ ಒಂದಿಷ್ಟು ದೂರವೇ ಅತ್ಯಂತ ಅಪಾಯದ್ದು. ಯಾಕೆಂದರೆ ನಿಷೇಧ ಇದೆ ಎಂದು ನಂಬಿದ ಕಾರಿನವನು ಅಲ್ಲಿ ಬೈಕನ್ನು ನಿರೀಕ್ಷಿಸಿರುವುದೇ ಇಲ್ಲ.

ಸರ್ವಿಸ್ ರಸ್ತೆಯಲ್ಲಿ ಬೇರೆ ಸಂತೆ. ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರು, ಬದಿಗೆ ನಿಂತ ಲಾರಿ, ಒಣಹಾಕಿದ ರಾಗಿ, ಶಾಲೆ ಮಕ್ಕಳು, ಟೋಲ್ ತಪ್ಪಿಸಲು ಇಳಿದು ಬಂದ ಕಾರು, ಬಸ್ಸು. ಇಲ್ಲಿ ವೇಗ ಕಡಿಮೆ, ಹಾಗಾಗಿ ಸಾವೂ ಕಡಿಮೆ ಇರಬೇಕು. ಆದರೆ 188ರಿಂದ 50 ಎಂಬ ಲೆಕ್ಕವನ್ನು ನಿಷೇಧದ ಯಶಸ್ಸೆಂದು ಮುಂದಿಡುವವರು ಮೂರು ಸಾಲನ್ನು ಪಕ್ಕಪಕ್ಕ ಇಟ್ಟು ತೋರಿಸಬೇಕು: ಮುಖ್ಯ ಪಥ, ಸರ್ವಿಸ್ ರಸ್ತೆ, ಊರೊಳಗಿನ ಹಳೆಯ ಹೆದ್ದಾರಿ. ಚನ್ನಪಟ್ಟಣದ ಪೇಟೆಯಲ್ಲಿ ಬಿದ್ದ ಬೈಕಿನವನು ಯಾವ ಸಾಲಿಗೆ ಸೇರುತ್ತಾನೆ ಎಂಬುದು ಗೊತ್ತಾಗದ ಹೊರತು ಅಪಾಯ ಎಷ್ಟು ತಗ್ಗಿತು, ಎಷ್ಟು ಪಕ್ಕಕ್ಕೆ ಸರಿಯಿತು ಎಂದು ಬೇರ್ಪಡಿಸಲಾಗುವುದಿಲ್ಲ.

ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೂ ದ್ವಿಚಕ್ರಕ್ಕೆ ಪ್ರವೇಶವಿಲ್ಲ, ಅಲ್ಲಿ ಯಾಕೆ ಗಲಾಟೆಯಿಲ್ಲ ಎಂದು ಕೇಳುವವರಿದ್ದಾರೆ. ಅದು ಹೊಸ ಜಾಡಿನಲ್ಲಿ ಬೇರೆಯಾಗಿ ಹಾಕಿದ ರಸ್ತೆ, ಹಳೆಯ ಹೆದ್ದಾರಿ ಪಕ್ಕದಲ್ಲೇ ಪೂರ್ತಿಯಾಗಿ ಉಳಿದಿತ್ತು. ಇಲ್ಲಿ ಬೈಪಾಸುಗಳನ್ನು ಬಿಟ್ಟರೆ ಬಹುಪಾಲು ಹಳೆಯ ಹೆದ್ದಾರಿಯನ್ನೇ ಅಗಲಿಸಿ ದಶಪಥ ಮಾಡಿದ್ದಾರೆ. ತಲೆಮಾರುಗಳಿಂದ ಓಡಾಡಿದ ದಾರಿಯ ನಡುವಿನ ಭಾಗಕ್ಕೆ ಬೇಲಿ ಬಿತ್ತು. ಹೊಸ ದಾರಿಗೆ ಬಿಡದಿರುವುದು ಒಂದು, ಇದ್ದ ದಾರಿಯಿಂದ ಕೆಳಗಿಳಿಸುವುದು ಇನ್ನೊಂದು. ಎರಡನೆಯದಕ್ಕೆ ಪರ್ಯಾಯ ಮೊದಲು ಕೊಡಬೇಕು. ಬೆಂಗಳೂರಿನ ನೈಸ್ ರಸ್ತೆಯಲ್ಲಿ 2022ರಲ್ಲಿ ದ್ವಿಚಕ್ರಕ್ಕೆ ರಾತ್ರಿ 10ರಿಂದ ಬೆಳಗಿನ 5ರವರೆಗೆ ಮಾತ್ರ ನಿರ್ಬಂಧ ಹಾಕಿದರು. ಅಪಾಯ ಯಾವ ಹೊತ್ತಿನಲ್ಲಿ ಹೆಚ್ಚೋ ಆ ಹೊತ್ತಿಗಷ್ಟೆ ತಡೆ. ಸರ್ವಿಸ್ ರಸ್ತೆ ಮುಗಿಯುವವರೆಗೆ ದಶಪಥದಲ್ಲೂ ತುಂಡು ಬಿದ್ದ ಜಾಗಗಳಲ್ಲಿ ಎಡಗಡೆಯ ಪಥವನ್ನು ಗುರುತು ಮಾಡಿ, ಅಲ್ಲಿ ಎಲ್ಲರ ವೇಗವನ್ನೂ ಇಳಿಸಿ, ಬೈಕಿಗೆ ಬಿಡಬಹುದಿತ್ತು. ಯೋಚನೆ ಅಷ್ಟು ದೂರ ಹೋದಂತೆ ಕಾಣಲಿಲ್ಲ.

ದೊಡ್ಡ ಗಾಡಿಯ ಧೈರ್ಯ

ಇದೇ ಚರ್ಚೆಗೆ ಬೇರೊಂದು ರಸ್ತೆಯ ಘಟನೆಯೊಂದು ಸೇರಿಕೊಂಡಿತು. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ತಾಳೆಕೆರೆ ಬಳಿ, ತುಮಕೂರು ಕಡೆಯ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಕಂಟೇನರ್ ಲಾರಿಯೊಂದು ವಿಭಜಕ ದಾಟಿ ಎದುರಿನ ಬದಿಗೆ ಬಂದು ವೋಲ್ವೊ ಎಸ್‌ಯುವಿಯ ಮೇಲೆ ಉರುಳಿತು. ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. ಜಗತ್ತಿನ ಅತಿ ಸುರಕ್ಷಿತ ಕಾರುಗಳ ಸಾಲಿಗೆ ಸೇರುವ ಗಾಡಿ ಅದು. ಮುಂದಿದ್ದ ಕಾರು ಇದ್ದಕ್ಕಿದ್ದಂತೆ ಬ್ರೇಕ್ ಹಾಕಿತು, ಅದನ್ನು ತಪ್ಪಿಸಲು ಹೋಗಿ ಹೀಗಾಯಿತು ಎಂಬುದು ಲಾರಿ ಚಾಲಕನ ಹೇಳಿಕೆ.

ಆ ವಾರವೆಲ್ಲ ಫೋನುಗಳಲ್ಲಿ ಓಡಾಡಿದ ಮಾತು ಒಂದೇ: ‘ವೋಲ್ವೊನೇ ಉಳಿಸಲಿಲ್ಲ ಅಂದಮೇಲೆ ಸಣ್ಣ ಕಾರಿನವರ ಗತಿಯೇನು.’ ಪ್ರಶ್ನೆ ತಿರುಗಿಬಿದ್ದಿದೆ. ಯಾವ ಪ್ರಯಾಣಿಕ ಕಾರನ್ನೂ ಹತ್ತಾರು ಟನ್ ಮೇಲಿಂದ ಬಿದ್ದರೆ ತಾಳಿಕೊಳ್ಳಲಿ ಎಂದು ಕಟ್ಟುವುದಿಲ್ಲ. ಕಾರಿನ ಕ್ರ್ಯಾಶ್ ಪರೀಕ್ಷೆ ಗಂಟೆಗೆ 64 ಕಿ.ಮೀ. ವೇಗದಲ್ಲಿ, ಸರಿಸುಮಾರು ತನ್ನಷ್ಟೇ ತೂಕದ ಇನ್ನೊಂದು ಕಾರಿಗೆ ಗುದ್ದಿದಂತೆ ನಡೆಯುವಂಥದ್ದು. ಅದರಲ್ಲಿ ಗಳಿಸಿದ ಐದು ಸ್ಟಾರ್ ಬೆಲೆಯುಳ್ಳದ್ದೇ. 2014ರಲ್ಲಿ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆಯಾದ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಜನಪ್ರಿಯ ಸಣ್ಣ ಕಾರುಗಳನ್ನು ಗುದ್ದಿಸಿ ಸೊನ್ನೆ ಸ್ಟಾರ್ ಕೊಟ್ಟ ಮೇಲೆಯೇ ಇಲ್ಲಿ ಏರ್‌ಬ್ಯಾಗಿನ ಮಾತು ಗಂಭೀರವಾದದ್ದು. ಸಣ್ಣ ಕಾರು ಅಂದರೆ ತಗಡಿನ ಡಬ್ಬ ಎಂಬ ಕಾಲ ಆಮೇಲೆ ಬದಲಾಯಿತು. ನಾಲ್ಕು ಮೀಟರಿನೊಳಗಿನ ಕಾರುಗಳೂ ಐದು ಸ್ಟಾರ್ ತಂದಿವೆ. ಆದರೆ ಆ ಸ್ಟಾರು 64ರ ಗುದ್ದಿಗೆ. ಗುದ್ದಿನ ಶಕ್ತಿ ವೇಗದ ವರ್ಗಕ್ಕೆ ಏರುವುದರಿಂದ 130ರ ಗುದ್ದು ಅದರ ನಾಲ್ಕರಷ್ಟು. ದಶಪಥದಲ್ಲಿ 130ರಲ್ಲಿ ಹೋಗುವವನು ಯಾವ ಗಾಡಿಯಲ್ಲಿ ಕೂತಿದ್ದರೂ ಪರೀಕ್ಷೆ ಮಾಡಿರದ ಜಾಗದಲ್ಲಿ ಕೂತಿದ್ದಾನೆ.

ದೊಡ್ಡ ಗಾಡಿ ಕೊಡುವ ಧೈರ್ಯ ಈ ಹೆದ್ದಾರಿಯಲ್ಲಿ ಎಡವುವುದು ಇಲ್ಲೇ. ಎತ್ತರದ ಸೀಟು, ಗಾಳಿಯ ಸದ್ದು ಒಳಗೆ ಬಿಡದ ಗಾಜು, ಅಲುಗದ ಸ್ಟೀರಿಂಗು. 120 ಎಂಬುದು ಹಳೆಯ ಮಾರುತಿ 800ರಲ್ಲಿ ಮೈಯೆಲ್ಲ ನಡುಗಿಸುತ್ತಿತ್ತು. ಈಗ ಹಿಂದಿನ ಸೀಟಿನ ಮಗುವಿನ ನಿದ್ದೆಯೂ ಕೆಡುವುದಿಲ್ಲ. ಆ ನಿದ್ದೆ ಹೋದ ಮಗುವಿಗೆ ಬೆಲ್ಟ್ ಹಾಕಿರುವವರು ಎಷ್ಟು ಮಂದಿ ಎಂದು ಗಣಂಗೂರು ಟೋಲಿನಲ್ಲಿ ಗಾಡಿಗಳು ಸಾಲುಗಟ್ಟಿದಾಗ ಕಿಟಕಿಯೊಳಗೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪ್ರಯಾಣಿಸುತ್ತಿದ್ದ ಮರ್ಸಿಡಿಸ್ ಸೇತುವೆಗೆ ಅಪ್ಪಳಿಸಿದಾಗ ಮುಂದೆ ಕೂತಿದ್ದ ಇಬ್ಬರು ಬದುಕಿದರು, ಹಿಂದೆ ಬೆಲ್ಟಿಲ್ಲದೆ ಕೂತಿದ್ದ ಇಬ್ಬರು ಉಳಿಯಲಿಲ್ಲ. ಕಾರು ಒಂದೇ, ಅಪಘಾತವೂ ಒಂದೇ.

ಈಗ ಉಳಿದಿರುವ ಕೆಲಸ

ದಶಪಥದ ಮಟ್ಟಿಗೆ ವೇಗದ ತಪಾಸಣೆ ನಿಂತಿಲ್ಲ, ನಿಷೇಧವೂ ಹೋಗಿಲ್ಲ. ಎರಡೂ ಹಾಗೇ ಇರಲಿ. ಲಾರಿಗಳ ಹಿಂದೆ ಪ್ರತಿಫಲಕ ಪಟ್ಟಿ ಇದೆಯೇ, ಕೆಟ್ಟುನಿಂತ ಲಾರಿಯನ್ನು ಎಷ್ಟು ಹೊತ್ತಿನಲ್ಲಿ ಎಳೆದುಹಾಕುತ್ತಾರೆ ಎಂಬುದರ ಮೇಲೂ ಅಷ್ಟೇ ಕಣ್ಣು ಬೇಕು. ನಿಷೇಧದ ಮೂಲ ಕಾರಣ ನಿಧಾನವೇ ಆಗಿದ್ದರೆ, ಮುಖ್ಯ ಪಥದಲ್ಲಿ ನಿಂತುಬಿಟ್ಟ ಲಾರಿಯ ವೇಗ ಸೊನ್ನೆ. ಟ್ರ್ಯಾಕ್ಟರಿಗಿಂತ ಅದೇ ದೊಡ್ಡ ಅಪಾಯ.

ಸರ್ವಿಸ್ ರಸ್ತೆಯ ಬಾಕಿ ಕೊಂಡಿಗಳು, ಹೆಚ್ಚಿನ ಕೆಳಸೇತುವೆಗಳು, ಜನ ನಿಜವಾಗಿ ದಾಟುವ ಜಾಗದಲ್ಲೇ ಮೇಲ್ಸೇತುವೆಗಳು, ಇವು ಟೋಲ್ ಶುರುವಾಗುವ ಮೊದಲೇ ಮುಗಿಯಬೇಕಿದ್ದ ಕೆಲಸ. ದ್ವಿಚಕ್ರದವರು ಟೋಲ್ ಕಟ್ಟುವುದಿಲ್ಲ ನಿಜ. ಅವರನ್ನು ಕೆಳಗಿಳಿಸಿದ್ದರಿಂದ ನಿರಾತಂಕವಾದ ಮುಖ್ಯ ಪಥಕ್ಕೆ ಕಾರಿನವರು, ಲಾರಿಯವರು ಕಟ್ಟುತ್ತಿದ್ದಾರೆ. ಆ ಹಣದಲ್ಲಿ ಮೊದಲ ಪಾಲು ಇಳಿಸಿದವರ ರಸ್ತೆಗೆ ಸಲ್ಲಬೇಕು ಎಂದು ಕೇಳುವ ಹಕ್ಕು ಗೂಡಿನ ಚೀಲ ಕಟ್ಟಿಕೊಂಡು ಬರುವವನಿಗಿದೆ.